ಫೋನು, ಟಿವಿ, ಲ್ಯಾಪ್‌ಟಾಪ್ ಮೇಲಿನ ಆಮದು ಸುಂಕ: ಪದೇ ಪದೇ ಕೇಳುವ ಪ್ರಶ್ನೆಗಳು

ಬಜೆಟ್ ದಿನ ಸಂಜೆ ಎಲ್ಲ ಚಾನೆಲ್‌ಗಳಲ್ಲೂ ‘ಯಾವುದು ಅಗ್ಗ, ಯಾವುದು ದುಬಾರಿ’ ಪಟ್ಟಿ ಬರುತ್ತದೆ. ಮೊಬೈಲ್ ಫೋನ್ ಆ ಪಟ್ಟಿಯಲ್ಲಿ ಯಾವುದಾದರೂ ಒಂದು ಕಡೆ ಇದ್ದೇ ಇರುತ್ತದೆ. ಮಾರನೇ ದಿನ ಅಂಗಡಿಗೆ ಹೋಗಿ ಕೇಳಿದರೆ ‘ಅದೇ ರೇಟು ಸಾರ್’ ಅನ್ನುತ್ತಾರೆ. ಹಾಗಾದರೆ ಏರಿದ ಸುಂಕ, ಇಳಿದ ಸುಂಕ ಎಲ್ಲಿಗೆ ಹೋಯಿತು? ಇಲ್ಲಿರುವ ಬಹುಪಾಲು ಪ್ರಶ್ನೆಗಳು ಅದರ ಸುತ್ತಲೇ ಇವೆ. ಉದಾಹರಣೆಗಳು ಹೆಚ್ಚಾಗಿ ಮೊಬೈಲಿನವು, ಯಾಕೆಂದರೆ ನಮ್ಮ ಸರ್ಕಾರ ಸುಂಕವನ್ನು ಅತಿ ಹೆಚ್ಚು ಏರಿಸಿ ಇಳಿಸಿ ನೋಡಿದ್ದು ಅದರ ಮೇಲೇ. ದರಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಆಯಾ ದರದ ಜೊತೆ ವರ್ಷವನ್ನೂ ಬರೆದಿದ್ದೇನೆ.

ಸುಂಕ ಕಟ್ಟುವವರು ಯಾರು? ಮಾಲು ಕಳಿಸಿದ ಚೀನಾದವರಾ, ತರಿಸಿಕೊಂಡ ನಾವಾ?

ತರಿಸಿಕೊಂಡವರು. ಮಾಲು ಚೆನ್ನೈ ಬಂದರಿಗೋ ದೇವನಹಳ್ಳಿ ವಿಮಾನ ನಿಲ್ದಾಣದ ಕಾರ್ಗೋ ಗೋದಾಮಿಗೋ ಬಂದಾಗ ಇಲ್ಲಿನ ಆಮದುದಾರರು ‘ಬಿಲ್ ಆಫ್ ಎಂಟ್ರಿ’ ಎಂಬ ಕಸ್ಟಮ್ಸ್ ಪತ್ರ ಸಲ್ಲಿಸುತ್ತಾರೆ, ಸುಂಕ ಕಟ್ಟುತ್ತಾರೆ, ಆಮೇಲೆ ಮಾಲು ಬಿಡಿಸಿಕೊಳ್ಳುತ್ತಾರೆ. ಚೀನಾದ ಶೆನ್‌ಜೆನ್‌ನ ಕಂಪನಿ ನಮ್ಮ ಸರ್ಕಾರಕ್ಕೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಅಮೆರಿಕದಲ್ಲೂ ಅಷ್ಟೇ. ‘ಚೀನಾ ನಮಗೆ ಸುಂಕ ಕೊಡುತ್ತಿದೆ’ ಎಂದು ಅಲ್ಲಿನ ಅಧ್ಯಕ್ಷರು ಎಷ್ಟು ಸಲ ಹೇಳಿದರೂ ಚೆಕ್ ಬರೆಯುವುದು ಅಮೆರಿಕದ ಆಮದುದಾರರೇ.

ಆದರೆ ಕಟ್ಟುವವರು ಬೇರೆ, ಹೊರುವವರು ಬೇರೆ. ಆಮದುದಾರರು ಹೊರೆಯನ್ನು ಮೂರು ಕಡೆ ಹಂಚಬಹುದು. ಹೊರಗಿನ ಕಂಪನಿ ಜೊತೆ ಚೌಕಾಸಿ ಮಾಡಿ ಅವರ ಬೆಲೆ ಇಳಿಸಬಹುದು, ತಮ್ಮ ಲಾಭ ಬಿಡಬಹುದು, ಇಲ್ಲವೇ ಗಿರಾಕಿಯ ಮೇಲೆ ಹಾಕಬಹುದು. ಯಾರಿಗೆ ‘ಬೇಡ ಬಿಡಿ’ ಎಂದು ಎದ್ದು ಹೋಗುವ ದಾರಿ ಇಲ್ಲವೋ ಕೊನೆಗೆ ಅವರ ತಲೆ ಮೇಲೆ ಬೀಳುತ್ತದೆ. 15 ಸಾವಿರದ ಫೋನಿಗೆ ಪಕ್ಕದ ಗಾಜಿನ ಪೆಟ್ಟಿಗೆಯಲ್ಲೇ ಹತ್ತು ಪರ್ಯಾಯಗಳಿವೆ. ಹಾಗಾಗಿ ಅಲ್ಲಿ ಕಂಪನಿ ಹೊರುತ್ತದೆ. ಐಫೋನ್ ಪ್ರೋನೇ ಬೇಕು ಅಂತ ಪಟ್ಟು ಹಿಡಿದು ಕೂತವರ ವಿಷಯದಲ್ಲಿ ಆಪಲ್‌ಗೆ ಆ ಭಯ ಕಡಿಮೆ.

15 ಪರ್ಸೆಂಟ್ ಸುಂಕ ಅಂದರೆ ಬೆಲೆ 15 ಪರ್ಸೆಂಟ್ ಜಾಸ್ತಿ ಅಂತನಾ?

ಸ್ವಲ್ಪ ಲೆಕ್ಕ ಮಾಡೋಣ. ಹೊರಗಿನಿಂದ ಪೂರ್ತಿ ತಯಾರಾಗಿ ಬಂದ ಒಂದು ಫೋನು, ಸಾಗಣೆ ಮತ್ತು ವಿಮೆ ಸೇರಿ ಇಲ್ಲಿಗೆ ಮುಟ್ಟುವಾಗ 50,000 ರೂಪಾಯಿ ಎಂದಿಟ್ಟುಕೊಳ್ಳಿ. 2024ರ ಜುಲೈ ಬಜೆಟ್ ಆದ ಮೇಲೆ ಮೂಲ ಸುಂಕ 15 ಪರ್ಸೆಂಟ್, ಅಂದರೆ 7,500. ಆ ಸುಂಕದ ಮೇಲೆ 10 ಪರ್ಸೆಂಟ್ ಸಮಾಜ ಕಲ್ಯಾಣ ಸರ್ಚಾರ್ಜ್, 750. ಈಗ 58,250 ಆಯಿತು. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 10,485. ಒಟ್ಟು 68,735.

ಸುಂಕವೇ ಇಲ್ಲದಿದ್ದರೆ 50,000ದ ಮೇಲೆ ಜಿಎಸ್‌ಟಿ ಮಾತ್ರ ಬಿದ್ದು 59,000 ಆಗುತ್ತಿತ್ತು. ವ್ಯತ್ಯಾಸ 9,735. ಗಮನಿಸಿ, ಸುಂಕ ಮತ್ತು ಸರ್ಚಾರ್ಜ್ ಸೇರಿ 8,250 ಮಾತ್ರ. ಉಳಿದ 1,485 ರೂಪಾಯಿ ಸುಂಕದ ಮೇಲೆ ಬಿದ್ದ ಜಿಎಸ್‌ಟಿ. ತೆರಿಗೆ ಮೇಲೆ ತೆರಿಗೆ ಅಂದರೆ ಇದೇ. ಡಿಸ್ಟ್ರಿಬ್ಯೂಟರ್ ಮತ್ತು ಅಂಗಡಿಯವರ ಮಾರ್ಜಿನ್ ಕೂಡ ಸಾಮಾನ್ಯವಾಗಿ ಬೆಲೆಯ ಇಷ್ಟು ಪರ್ಸೆಂಟ್ ಅಂತಲೇ ಇರುತ್ತದೆ. ಬುಡ ದಪ್ಪ ಆದರೆ ಅದೂ ದಪ್ಪ ಆಗುತ್ತದೆ.

ಐಫೋನ್ ಇಲ್ಲೇ ಮಾಡುತ್ತಾರಂತೆ. ಆದರೂ ಅಮೆರಿಕಕ್ಕಿಂತ ಇಲ್ಲೇ ಯಾಕೆ ದುಬಾರಿ?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಉತ್ತರ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ.

2025ರ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ 17 ತಗೊಳ್ಳಿ. ಅಮೆರಿಕದಲ್ಲಿ 799 ಡಾಲರ್. ಆಗ ಡಾಲರ್‌ಗೆ ಸುಮಾರು 88 ರೂಪಾಯಿ. ಗುಣಿಸಿದರೆ 70,300ರ ಆಸುಪಾಸು. ಅಮೆರಿಕದ ಆ ಬೆಲೆಯಲ್ಲಿ ಅಲ್ಲಿನ ಸೇಲ್ಸ್ ಟ್ಯಾಕ್ಸ್ ಸೇರಿರುವುದಿಲ್ಲ, ಅದನ್ನು ಬಿಲ್ ಹಾಕುವಾಗ ಸೇರಿಸುತ್ತಾರೆ. ನಮ್ಮ ಎಂಆರ್‌ಪಿಯಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ. ಹಾಗಾಗಿ 70,300ಕ್ಕೆ 18 ಪರ್ಸೆಂಟ್ ಸೇರಿಸಿ ನೋಡಿ. 82,950 ಬರುತ್ತದೆ. ಭಾರತದಲ್ಲಿ ಆಪಲ್ ಇಟ್ಟ ಬೆಲೆ 82,900. ಅಂದರೆ ಜಿಎಸ್‌ಟಿ ಬಿಟ್ಟರೆ ವ್ಯತ್ಯಾಸವೇ ಇಲ್ಲ!

ಈಗ ಐಫೋನ್ 17 ಪ್ರೋ. ಅಮೆರಿಕದಲ್ಲಿ 1,099 ಡಾಲರ್. ಅದೇ ಲೆಕ್ಕ ಹಾಕಿದರೆ 1,14,000 ಚಿಲ್ಲರೆ ಆಗಬೇಕು. ಇಲ್ಲಿನ ಬೆಲೆ 1,34,900. ಇಪ್ಪತ್ತು ಸಾವಿರ ಜಾಸ್ತಿ! ಇದಕ್ಕೆ ಆಮದು ಸುಂಕ ಕಾರಣ ಅನ್ನುವ ಹಾಗಿಲ್ಲ, ಯಾಕೆಂದರೆ 17ರ ಸಾಲಿನ ನಾಲ್ಕೂ ಮಾಡೆಲ್‌ಗಳನ್ನು ಭಾರತದಲ್ಲೂ ಜೋಡಿಸುತ್ತಿದ್ದಾರೆ. ಬಿಡಿಭಾಗಗಳ ಮೇಲಿನ ಸುಂಕ ಕಾರಣವಾಗಿದ್ದರೆ ಸಾದಾ 17ರ ಬೆಲೆಯಲ್ಲೂ ಅದು ಕಾಣಬೇಕಿತ್ತು. ನನ್ನ ಲೆಕ್ಕದಲ್ಲಿ ಇದು ಕಂಪನಿಯ ವ್ಯಾಪಾರದ ತೀರ್ಮಾನ, ಅಷ್ಟೇ. ಪ್ರೋ ಕೊಳ್ಳುವವರು ಕೊಟ್ಟೇ ಕೊಡುತ್ತಾರೆ, ಇಎಂಐ ಇದೆ, ಬ್ಯಾಂಕ್ ಆಫರ್ ಇದೆ. ಹಾಗಾಗಿ ಕೇಳುತ್ತಾರೆ. ಇಂಥ ಕಡೆಯೆಲ್ಲ ಸುಂಕದ ಮೇಲೆ ಗೂಬೆ ಕೂರಿಸುವುದು ಕಂಪನಿಗಳಿಗೆ ಬಹಳ ಅನುಕೂಲ.

ಸುಂಕ ಇಳಿಸಿದಾಗಲಾದರೂ ಬೆಲೆ ಇಳಿಯುತ್ತದಾ?

ಕೆಲವು ಸಲ. 2024ರ ಜುಲೈ 23ರ ಬಜೆಟ್‌ನಲ್ಲಿ ಫೋನಿನ ಮೇಲಿನ ಸುಂಕ 20ರಿಂದ 15ಕ್ಕೆ ಇಳಿಯಿತು. ಕೆಲವೇ ದಿನಗಳಲ್ಲಿ ಆಪಲ್ ಬೆಲೆ ಪರಿಷ್ಕರಿಸಿತು. ಪ್ರೋ ಮಾಡೆಲ್‌ಗಳು 5,100ರಿಂದ 6,000 ರೂಪಾಯಿವರೆಗೆ ಇಳಿದವು. ಐಫೋನ್ 13, 14, 15 ಇಳಿದದ್ದು ಬರೀ 300 ರೂಪಾಯಿ. ಆಗ ಸೋಷಿಯಲ್ ಮೀಡಿಯಾದಲ್ಲಿ ಆ 300ಕ್ಕೆ ಸಿಕ್ಕಾಪಟ್ಟೆ ಗೇಲಿ ನಡೆಯಿತು. ಆದರೆ ಅದರಲ್ಲಿ ಒಂದು ನ್ಯಾಯವಿತ್ತು. ಪ್ರೋ ಆಗ ಹೊರಗಿನಿಂದ ಬರುತ್ತಿತ್ತು, ಪೂರ್ತಿ ಸುಂಕ ಕಟ್ಟುತ್ತಿತ್ತು. 13, 14, 15 ಇಲ್ಲೇ ತಯಾರಾಗುತ್ತಿದ್ದವು. ಕಟ್ಟದ ಸುಂಕ ಇಳಿದರೆ ಬೆಲೆ ಇಳಿಯುವುದು ಹೇಗೆ?

ಇನ್ನೂ ಒಂದು ಲೆಕ್ಕ. ಸರ್ಚಾರ್ಜ್ ಸೇರಿಸಿದರೆ ಸುಂಕ 22ರಿಂದ 16.5ಕ್ಕೆ ಬಂತು. ಅಂದರೆ 122 ರೂಪಾಯಿ ಬೀಳುತ್ತಿದ್ದದ್ದು 116.50 ಆಯಿತು, ಸುಮಾರು ನಾಲ್ಕೂವರೆ ಪರ್ಸೆಂಟ್ ಇಳಿಕೆ. 15 ಪ್ರೋ 1,34,900ರಿಂದ 1,29,800ಕ್ಕೆ ಬಂದಿತು, ಅದು ಸುಮಾರು 3.8 ಪರ್ಸೆಂಟ್. ಸಿಕ್ಕಿದ್ದರಲ್ಲಿ ಬಹುಪಾಲು ದಾಟಿಸಿದ್ದಾರೆ, ಚೂರು ಉಳಿಸಿಕೊಂಡಿದ್ದಾರೆ.

ಜಿಎಸ್‌ಟಿಯ ಪರಿಣಾಮ ಇದಕ್ಕಿಂತ ನೇರ. 2020ರ ಏಪ್ರಿಲ್ 1ರಿಂದ ಫೋನಿನ ಜಿಎಸ್‌ಟಿ 12ರಿಂದ 18ಕ್ಕೆ ಏರಿದಾಗ ಎಲ್ಲ ಬ್ರ್ಯಾಂಡ್‌ಗಳಿಗೂ ತಟ್ಟಿತು, ಎಲ್ಲಿ ಮಾಡಿದ್ದು ಎಂಬ ಪ್ರಶ್ನೆಯೇ ಇರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ ಮತ್ತು ಏಸಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗಲೂ ಹಾಗೇ. ಅಂಗಡಿಯವರೇ ಬೋರ್ಡ್ ಹಾಕಿಕೊಂಡರು.

2017-18ರಲ್ಲಿ ಸುಂಕ ಸೊನ್ನೆಯಿಂದ 20ಕ್ಕೆ ಹೋಯಿತು. ಆಗ ಫೋನುಗಳು 20 ಪರ್ಸೆಂಟ್ ದುಬಾರಿ ಆದವಾ?

ಇಲ್ಲ. 2017ರ ಜುಲೈಯಲ್ಲಿ 10, ಡಿಸೆಂಬರ್‌ನಲ್ಲಿ 15, 2018ರ ಫೆಬ್ರವರಿಯಲ್ಲಿ 20. ಎಂಟು ತಿಂಗಳಲ್ಲಿ ಮೂರು ಸಲ ಏರಿತು. ಆದರೆ ಅಷ್ಟರಲ್ಲಿ ಶಓಮಿ, ಒಪ್ಪೊ, ವಿವೊ ಎಲ್ಲ ಇಲ್ಲೇ ಜೋಡಣೆ ಶುರು ಮಾಡಿದ್ದವು. ಸ್ಯಾಮ್‌ಸಂಗ್ 2018ರ ಜುಲೈಯಲ್ಲಿ ನೋಯ್ಡಾದ ದೊಡ್ಡ ಕಾರ್ಖಾನೆಯನ್ನು ಉದ್ಘಾಟಿಸಿತು. ಸುಂಕ ಬೇಲಿಯಂತೆ ನಿಂತಿತು, ಅದನ್ನು ಕಟ್ಟಿದವರು ಕಡಿಮೆ. ಪೆಟ್ಟು ಬಿದ್ದದ್ದು ಪೂರ್ತಿ ಆಮದಾಗುತ್ತಿದ್ದ ದುಬಾರಿ ಫೋನುಗಳಿಗೆ.

ಇಲ್ಲಿ ಆಗುವುದು ಬರೀ ಅಸೆಂಬ್ಲಿ ಅಲ್ವಾ? ಸ್ಕ್ರೂ ಬಿಗಿಯುವ ಕೆಲಸ?

ಬಹುಪಾಲು ಹೌದು, ಆದರೆ ಮೊದಲಿನಷ್ಟು ಅಲ್ಲ.

ಕೇಂದ್ರ ಸರ್ಕಾರದ ಲೆಕ್ಕಾಚಾರ ಹಂತ ಹಂತದ್ದಾಗಿತ್ತು. ಮೊದಲು ಚಾರ್ಜರ್, ಬ್ಯಾಟರಿ, ಇಯರ್‌ಫೋನ್ ಮೇಲೆ ಸುಂಕ. ಅವು ಇಲ್ಲೇ ಆಗಲು ಶುರುವಾದ ಮೇಲೆ ಪ್ಲಾಸ್ಟಿಕ್ ಬಾಡಿ, ಮೈಕ್. ಆಮೇಲೆ ಚಿಪ್‌ಗಳನ್ನು ಕೂರಿಸಿದ ಮದರ್‌ಬೋರ್ಡ್, ಕ್ಯಾಮೆರಾ ಮಾಡ್ಯೂಲ್. 2020ರ ಅಕ್ಟೋಬರ್‌ನಲ್ಲಿ ಡಿಸ್‌ಪ್ಲೇ ಮೇಲೆ 10 ಪರ್ಸೆಂಟ್. ಒಂದೊಂದೇ ಮೆಟ್ಟಿಲು ಹತ್ತಿಸುವ ಯೋಜನೆ. ಮೊದಲ ಮೆಟ್ಟಿಲುಗಳು ಚೆನ್ನಾಗೇ ನಡೆದವು. ಚಾರ್ಜರ್ ಮಾಡುವುದು ಅಷ್ಟೇನೂ ಕಷ್ಟವಲ್ಲ, ಮದರ್‌ಬೋರ್ಡ್‌ಗೆ ಚಿಪ್ ಕೂರಿಸುವ ಯಂತ್ರವನ್ನು ದುಡ್ಡು ಕೊಟ್ಟು ತರಬಹುದು.

ಸಿಕ್ಕಿಹಾಕಿಕೊಂಡಿದ್ದು ಮೇಲಿನ ಮೆಟ್ಟಿಲುಗಳಲ್ಲಿ. ಡಿಸ್‌ಪ್ಲೇ ಗಾಜು ಮಾಡುವ ಕಾರ್ಖಾನೆಗೆ ಸಾವಿರಾರು ಕೋಟಿ ಬೇಕು, ಪ್ರೊಸೆಸರ್ ಮತ್ತು ಮೆಮೊರಿ ಚಿಪ್‌ಗಳ ಕಥೆ ಅದಕ್ಕಿಂತ ದೊಡ್ಡದು. ಸುಂಕ ಹಾಕಿದ ಮಾತ್ರಕ್ಕೆ ಅವು ಇಲ್ಲಿ ಹುಟ್ಟುವುದಿಲ್ಲ. ಹುಟ್ಟುವವರೆಗೆ ಸುಂಕ ಬೀಳುವುದು ನಮ್ಮದೇ ಕಾರ್ಖಾನೆಗಳ ಮೇಲೆ. ವಿಯೆಟ್ನಾಂನಲ್ಲಿ ಕೂತವರಿಗೆ ಅದೇ ಬಿಡಿಭಾಗ ಕಡಿಮೆ ಸುಂಕಕ್ಕೆ, ಎಷ್ಟೋ ಸಲ ಸುಂಕವಿಲ್ಲದೆ ಸಿಗುತ್ತದೆ. ರಫ್ತು ಮಾಡುವವರಿಗೆ ಈ ಸುಂಕ ವಾಪಸ್ ಪಡೆಯುವ ದಾರಿಗಳಿವೆ, ಆದರೆ ಅದರ ಕಾಗದಪತ್ರದ ತಲೆನೋವು ಬೇರೆ. ಇದು ಅರ್ಥವಾದ ಮೇಲೆ ಸರ್ಕಾರ ಹಿಂದಕ್ಕೆ ಬಂತು. 2024ರ ಜನವರಿ ಕೊನೆಯಲ್ಲಿ ಹಿಂಬದಿ ಕವರ್, ಸಿಮ್ ಸಾಕೆಟ್‌ನಂಥ ಭಾಗಗಳ ಸುಂಕ 15ರಿಂದ 10ಕ್ಕೆ ಇಳಿಯಿತು. 2025ರ ಬಜೆಟ್‌ನಲ್ಲಿ ಕ್ಯಾಮೆರಾ ಮಾಡ್ಯೂಲ್, ಕನೆಕ್ಟರ್ ಮಾಡಲು ಬೇಕಾಗುವ ಹಲವು ಸಣ್ಣ ಭಾಗಗಳ ಸುಂಕವನ್ನು ತೆಗೆದೇ ಹಾಕಿದರು. ಅದೇ ಮಾರ್ಚ್‌ನಲ್ಲಿ ಬಿಡಿಭಾಗ ತಯಾರಿಕೆಗೆ ಅಂತಲೇ 22,919 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಬೆತ್ತ ಬಿಟ್ಟು ಬೆಲ್ಲ ಹಿಡಿದ ಹಾಗೆ.

ಟಿವಿ ವಿಷಯದಲ್ಲೂ ಹೀಗೇ ಆಯಿತಾ?

ಟಿವಿಯ ಕಥೆ ಇನ್ನೂ ಮಜಾ ಇದೆ. ಟಿವಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲೆ ಇರುವುದು ಒಂದೇ ಭಾಗದಲ್ಲಿ, ‘ಓಪನ್ ಸೆಲ್’ ಎನ್ನುವ ಪ್ಯಾನೆಲ್‌ನಲ್ಲಿ. ಅದು ಇಲ್ಲಿ ತಯಾರಾಗುತ್ತಿರಲಿಲ್ಲ. ಆದರೂ ಅದರ ಮೇಲೆ ಸುಂಕ ಹಾಕಿದರು. ಅತ್ತ ಆಸಿಯಾನ್ ದೇಶಗಳ ಜೊತೆ ನಮಗೆ ಮುಕ್ತ ವ್ಯಾಪಾರ ಒಪ್ಪಂದ ಇದೆ, ವಿಯೆಟ್ನಾಂನಲ್ಲಿ ಪೂರ್ತಿ ತಯಾರಾದ ಟಿವಿ ಸುಂಕವಿಲ್ಲದೆ ಒಳಗೆ ಬರುತ್ತಿತ್ತು. ಅಂದರೆ ಪ್ಯಾನೆಲ್ ತಂದು ಚೆನ್ನೈನಲ್ಲಿ ಟಿವಿ ಮಾಡಿದರೆ ಸುಂಕ, ವಿಯೆಟ್ನಾಂನಲ್ಲಿ ಮಾಡಿ ತಂದರೆ ಸೊನ್ನೆ! ಸ್ಯಾಮ್‌ಸಂಗ್ 2018ರಲ್ಲಿ ಚೆನ್ನೈ ಬಳಿಯ ಟಿವಿ ತಯಾರಿಕೆ ನಿಲ್ಲಿಸಿ ವಿಯೆಟ್ನಾಂನಿಂದ ತರಿಸತೊಡಗಿತು. ದೇಶೀ ತಯಾರಿಕೆಗೆ ಅಂತ ಹಾಕಿದ ಸುಂಕ ಇದ್ದ ತಯಾರಿಕೆಯನ್ನೇ ಹೊರಗೆ ಅಟ್ಟಿತು.

2019ರ ಸೆಪ್ಟೆಂಬರ್‌ನಲ್ಲಿ ಆ ಸುಂಕ ಸೊನ್ನೆಗೆ ಬಂತು. 2020ರ ಜುಲೈ ಕೊನೆಯಲ್ಲಿ ಟಿವಿ ಆಮದಿಗೆ ಲೈಸೆನ್ಸ್ ಬೇಕು ಎಂದರು. ಅಕ್ಟೋಬರ್‌ನಲ್ಲಿ ಮತ್ತೆ ಪ್ಯಾನೆಲ್ ಮೇಲೆ 5 ಪರ್ಸೆಂಟ್. ಮೂರು ವರ್ಷದಲ್ಲಿ ಇಷ್ಟು ಸಲ ನಿಯಮ ಬದಲಾದರೆ ಯಾವ ಕಂಪನಿ ಹತ್ತು ವರ್ಷದ ಯೋಜನೆ ಹಾಕುತ್ತದೆ? ಸುಂಕದ ದರಕ್ಕಿಂತ ಈ ಹೊಯ್ದಾಟವೇ ಹೆಚ್ಚು ಹಾಳು ಮಾಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಲ್ಯಾಪ್‌ಟಾಪ್ ಮೇಲೆ ಎಷ್ಟು ಸುಂಕ?

ಮೂಲ ಆಮದು ಸುಂಕ ಇಲ್ಲ. ಜಿಎಸ್‌ಟಿ ಮಾತ್ರ, 18 ಪರ್ಸೆಂಟ್. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಕಂಪ್ಯೂಟರ್‌ಗಳಿಗೆ ಸುಂಕ ಹಾಕುವುದಿಲ್ಲ ಎಂದು ಒಪ್ಪಿಕೊಂಡಿದ್ದೇವೆ.

ಸುಂಕ ಹಾಕಲು ಆಗದಿದ್ದರಿಂದ 2023ರ ಆಗಸ್ಟ್ 3ರಂದು ಬೇರೆ ದಾರಿ ಹಿಡಿದರು. ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಆಮದಿಗೆ ಲೈಸೆನ್ಸ್ ಬೇಕು ಎಂದು ಏಕಾಏಕಿ ಆದೇಶ ಬಂತು. ಗದ್ದಲ ಎದ್ದ ಮೇಲೆ ಮರುದಿನವೇ ಮುಂದೂಡಿದರು. ಕೊನೆಗೆ ಮೊದಲೇ ನೋಂದಾಯಿಸಿ ಅನುಮತಿ ಪಡೆಯುವ ಸರಳ ವ್ಯವಸ್ಥೆಗೆ ಇಳಿದರು.

ಫೋನಿಗೂ ಅದೇ ಒಪ್ಪಂದ ಅನ್ವಯ ಆಗಲ್ವಾ?

ಆಗುತ್ತದೆ ಅಂತ ಯುರೋಪಿಯನ್ ಯೂನಿಯನ್, ಜಪಾನ್, ತೈವಾನ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಸ್ಮಾರ್ಟ್‌ಫೋನ್ ಆಗ ಇರಲೇ ಇಲ್ಲ, ಇದು ಹೊಸ ವಸ್ತು ಎಂದು ಭಾರತ ವಾದಿಸಿತು. 2023ರ ಏಪ್ರಿಲ್‌ನಲ್ಲಿ ತೀರ್ಪು ಭಾರತದ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿತು. ಮೇಲ್ಮನವಿ ಕೇಳುವ ಪೀಠ 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿಲ್ಲ, ಅಮೆರಿಕ ಹೊಸ ಸದಸ್ಯರ ನೇಮಕ ತಡೆದದ್ದರಿಂದ. ಹಾಗಾಗಿ ಕಡತ ಅಲ್ಲೇ ಕೂತಿದೆ, ಸುಂಕ ಇಲ್ಲೇ ಇದೆ.

ಸುಂಕ ಹಾಕಿದರೆ ಕಾರ್ಖಾನೆ ಬಂದೇ ಬರುತ್ತದಾ? ಕೋಲಾರಕ್ಕೆ, ದೇವನಹಳ್ಳಿಗೆ ಬಂದಿದ್ದು ಅದರಿಂದಲೇನಾ?

ಸುಂಕ ಒಂದು ಕಾರಣ, ಅದೊಂದೇ ಅಲ್ಲ. ಚೆನ್ನೈ ಬಳಿಯ ಶ್ರೀಪೆರಂಬದೂರಿನಲ್ಲಿ ನೋಕಿಯಾ 2006ರಲ್ಲಿ ಕಾರ್ಖಾನೆ ತೆರೆದಾಗ ಇಂಥ ಸುಂಕದ ಬೇಲಿ ಇರಲಿಲ್ಲ. ಆದರೂ ಅದು ಜಗತ್ತಿನ ದೊಡ್ಡ ಫೋನ್ ಕಾರ್ಖಾನೆಗಳಲ್ಲಿ ಒಂದಾಯಿತು. 2014ರ ನವೆಂಬರ್‌ನಲ್ಲಿ ಮುಚ್ಚಿದ್ದು ತೆರಿಗೆ ವ್ಯಾಜ್ಯ ಮತ್ತು ಕಂಪನಿ ಕೈಬದಲಾದ ಗೊಂದಲದಲ್ಲಿ.

ನಮ್ಮ ಕಡೆ ನೋಡಿದರೆ, ಭಾರತದ ಮೊದಲ ಐಫೋನ್ ಜೋಡಣೆಯಾದದ್ದು 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ, ತೈವಾನಿನ ವಿಸ್ಟ್ರಾನ್ ಕಂಪನಿಯ ಘಟಕದಲ್ಲಿ. ಮಾಡೆಲ್ ಐಫೋನ್ ಎಸ್‌ಇ. ಆಮೇಲೆ ಅವರು ಕೋಲಾರದ ನರಸಾಪುರಕ್ಕೆ ಬೆಳೆದರು. 2020ರ ಡಿಸೆಂಬರ್‌ನಲ್ಲಿ ಸಂಬಳದ ವಿಷಯಕ್ಕೆ ಕಾರ್ಮಿಕರು ರೊಚ್ಚಿಗೆದ್ದು ಗಾಜು ಒಡೆದ ದೃಶ್ಯಗಳು ನೆನಪಿರಬಹುದು. 2023ರಲ್ಲಿ ಆ ಘಟಕವನ್ನು ಟಾಟಾ ಕೊಂಡಿತು. ದೇವನಹಳ್ಳಿ ಬಳಿ, ಆಪಲ್‌ಗೆ ಐಫೋನ್ ಜೋಡಿಸಿಕೊಡುವ ತೈವಾನಿನ ಫಾಕ್ಸ್‌ಕಾನ್ 300 ಎಕರೆಯಲ್ಲಿ ಕಟ್ಟಿದ ಕಾರ್ಖಾನೆಯಲ್ಲಿ 2025ರಲ್ಲಿ ಐಫೋನ್ ತಯಾರಿಕೆ ಶುರುವಾಯಿತು. ಇಂಥ ಕಾರ್ಖಾನೆಗಳ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು ನೋಡಿ. ಸಾಲುಗಟ್ಟಿ ನಿಂತ ಬಸ್ಸುಗಳಿಗೆ ಹತ್ತುವವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗಿಯರು, ಕುತ್ತಿಗೆಯಲ್ಲಿ ಐಡಿ ಕಾರ್ಡು, ಕೈಯಲ್ಲಿ ಊಟದ ಚೀಲ. ಜೋಡಣೆ ಕೆಲಸವನ್ನು ‘ಬರೀ ಸ್ಕ್ರೂ’ ಎಂದು ತಳ್ಳಿಹಾಕುವವರು ಇದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಇವನ್ನೆಲ್ಲ ತಂದದ್ದು ಮೂರು ಸಂಗತಿ. ಒಳಗಿನ ಮಾರುಕಟ್ಟೆಗೆ ಸುಂಕದ ಬೇಲಿ. 2020ರಲ್ಲಿ ಬಂದ ಪಿಎಲ್‌ಐ ಯೋಜನೆ, ಅಂದರೆ ಹೆಚ್ಚುವರಿ ಮಾರಾಟದ 4ರಿಂದ 6 ಪರ್ಸೆಂಟ್ ಹಣವನ್ನು ಸರ್ಕಾರವೇ ಕಂಪನಿಗೆ ಕೊಡುವುದು. ಮೂರನೆಯದು, ಎಲ್ಲವನ್ನೂ ಚೀನಾದಲ್ಲೇ ಇಟ್ಟುಕೊಂಡರೆ ಅಪಾಯ ಎಂಬ ಭಯ. ಮೂರನೆಯದೇ ದೊಡ್ಡದು ಅಂತ ನನಗನ್ನಿಸುತ್ತದೆ. ಚೀನಾವೂ ಸುಮ್ನೆ ಕೂತಿಲ್ಲ. 2025ರ ಮಧ್ಯದಲ್ಲಿ ಭಾರತದ ಫಾಕ್ಸ್‌ಕಾನ್ ಘಟಕಗಳಿಂದ ಸುಮಾರು 300 ಚೀನೀ ಎಂಜಿನಿಯರ್‌ಗಳು ಮತ್ತು ತಂತ್ರಜ್ಞರು ವಾಪಸ್ ಹೋದರು ಎಂದು ವರದಿಯಾಯಿತು. ಯಂತ್ರ ಕೊಂಡು ತರಬಹುದು, ಅದನ್ನು ಸರಿಯಾಗಿ ಓಡಿಸಲು ಕಲಿಸುವವರನ್ನು ತರುವುದೇ ಕಷ್ಟ.

ಟ್ರಂಪ್ ಸುಂಕದಿಂದ ಇಲ್ಲಿನ ಫೋನ್ ಬೆಲೆ ಏರುತ್ತದಾ?

ನೇರವಾಗಿ ಇಲ್ಲ. ಅದು ಅಮೆರಿಕಕ್ಕೆ ಹೋಗುವ ಮಾಲಿನ ಮೇಲೆ ಬೀಳುವ ಸುಂಕ. ಆದರೆ ನಮ್ಮ ಕಾರ್ಖಾನೆಗಳ ಹಣೆಬರಹ ಅದರ ಮೇಲೆ ನಿಂತಿದೆ.

2025ರ ಏಪ್ರಿಲ್ 2ರಂದು ಚೀನಾಕ್ಕೆ 34, ವಿಯೆಟ್ನಾಂಗೆ 46, ಭಾರತಕ್ಕೆ 26 ಪರ್ಸೆಂಟ್ ಎಂದು ಘೋಷಣೆಯಾಯಿತು. ಒಂದು ವಾರದಲ್ಲಿ ಚೀನಾದ ದರ ಏರುತ್ತಾ ಏರುತ್ತಾ 145ಕ್ಕೆ ಮುಟ್ಟಿತು. ಏಪ್ರಿಲ್ 11ರಂದು ಸ್ಮಾರ್ಟ್‌ಫೋನ್, ಕಂಪ್ಯೂಟರ್‌ಗಳಿಗೆ ಆ ಹೊಸ ಸುಂಕದಿಂದ ವಿನಾಯಿತಿ ಕೊಟ್ಟರು. ಹಾಗಿದ್ದರೂ ಚೀನಾದ ಮಾಲಿನ ಮೇಲೆ ಬೇರೆ ಆದೇಶದ 20 ಪರ್ಸೆಂಟ್ ಉಳಿಯಿತು, ಭಾರತದಿಂದ ಹೋಗುವ ಫೋನಿಗೆ ಅದಿರಲಿಲ್ಲ. ಅಷ್ಟು ಸಾಕಾಯಿತು. ಅದಕ್ಕೂ ಮುಂಚೆ, ಮಾರ್ಚ್‌ನಿಂದಲೇ ಆಪಲ್ ಚೆನ್ನೈನಿಂದ ವಿಮಾನಗಳನ್ನು ಬಾಡಿಗೆಗೆ ಹಿಡಿದು ಸುಮಾರು 600 ಟನ್ ಐಫೋನ್‌ಗಳನ್ನು ಅಮೆರಿಕಕ್ಕೆ ಸಾಗಿಸಿತು ಎಂಬ ವರದಿ ಬಂತು. ಜೂನ್ ತ್ರೈಮಾಸಿಕದಲ್ಲಿ ಅಮೆರಿಕದಲ್ಲಿ ಮಾರುವ ಹೆಚ್ಚಿನ ಐಫೋನ್‌ಗಳು ಭಾರತದಲ್ಲಿ ತಯಾರಾದವೇ ಆಗಿರುತ್ತವೆ ಎಂದು ಆಪಲ್‌ನ ಆಗಿನ ಮುಖ್ಯಸ್ಥ ಟಿಮ್ ಕುಕ್ ಮೇ ತಿಂಗಳಲ್ಲಿ ಹೇಳಿದರು. ಭಾರತದಲ್ಲಿ ಮಾಡುವುದು ಬೇಡ ಎಂದು ಟ್ರಂಪ್ ಅದೇ ತಿಂಗಳು ಗದರಿದರು. ಆಗಸ್ಟ್‌ನಲ್ಲಿ ಭಾರತದ ಸರಕುಗಳ ಮೇಲೆ ಒಟ್ಟು 50 ಪರ್ಸೆಂಟ್ ಬಿತ್ತು. ಜವಳಿ, ಸಿಗಡಿ, ವಜ್ರದವರು ಒದ್ದಾಡಿದರು. ಫೋನಿಗೆ ಮಾತ್ರ ವಿನಾಯಿತಿ ಉಳಿಯಿತು.

ಅಮೆರಿಕದಲ್ಲಿ ಬೆಲೆ ಏರಿತಾ?

ವಸ್ತು ನೋಡಿ ಹೇಳಬೇಕು. ಆಪಲ್ ಜೂನ್ ತ್ರೈಮಾಸಿಕದಲ್ಲೇ ಸುಮಾರು 80 ಕೋಟಿ ಡಾಲರ್ ಸುಂಕದ ಹೊರೆ ಹೊತ್ತಿತು, ಆದರೂ ಐಫೋನ್ 17ರ ಬೆಲೆ 799 ಡಾಲರ್‌ನಲ್ಲೇ ಇಟ್ಟಿತು. ಲಾಭ ದಪ್ಪ ಇರುವವರಿಗೆ ತಾಳಿಕೊಳ್ಳುವ ಶಕ್ತಿ ಇರುತ್ತದೆ. ಗೇಮ್ ಕನ್ಸೋಲ್‌ನವರದು ತೆಳು ಲಾಭ. ಸೋನಿ 2025ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 5ರ ಬೆಲೆಯನ್ನು ಅಲ್ಲಿ 50 ಡಾಲರ್ ಏರಿಸಿತು. ಎಕ್ಸ್‌ಬಾಕ್ಸ್ ಅದೇ ವರ್ಷ ಎರಡು ಸಲ ಏರಿತು.

ಸುಂಕ ಕಟ್ಟದ ಲೋಕಲ್ ಕಂಪನಿ ಬೆಲೆ ಏರಿಸುವುದು ಯಾಕೆ?

ಏರಿಸಬಹುದು, ಅದಕ್ಕೇ. ಇದಕ್ಕೆ ಅಮೆರಿಕದ ವಾಷಿಂಗ್ ಮೆಷಿನ್‌ಗಿಂತ ಒಳ್ಳೇ ಉದಾಹರಣೆ ಇಲ್ಲ. 2018ರ ಶುರುವಿನಲ್ಲಿ ಆಮದು ಮೆಷಿನ್‌ಗಳ ಮೇಲೆ 20ರಿಂದ 50 ಪರ್ಸೆಂಟ್ ಸುಂಕ ಹಾಕಿದರು. ಕೇಳಿದ್ದು ಅಲ್ಲಿನದೇ ಕಂಪನಿ ವರ್ಲ್‌ಪೂಲ್. ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿದಾಗ ಮೆಷಿನ್ ಒಂದಕ್ಕೆ ಸುಮಾರು 86 ಡಾಲರ್ ಏರಿದ್ದು ಕಂಡಿತು, ಲೋಕಲ್ ಬ್ರ್ಯಾಂಡ್‌ಗಳೂ ಸೇರಿ. ಇನ್ನೂ ಸೋಜಿಗ ಏನೆಂದರೆ ಬಟ್ಟೆ ಒಣಗಿಸುವ ಡ್ರೈಯರ್ 92 ಡಾಲರ್ ಏರಿತ್ತು. ಡ್ರೈಯರ್ ಮೇಲೆ ಸುಂಕವೇ ಇರಲಿಲ್ಲ! ಅಲ್ಲಿ ಜನ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಅಂಗಡಿಯವರು ಏರಿಕೆಯನ್ನು ಎರಡಕ್ಕೂ ಹಂಚಿದರು.

ಸ್ಯಾಮ್‌ಸಂಗ್ ಸೌತ್ ಕ್ಯಾರೊಲಿನಾದಲ್ಲಿ, ಎಲ್‌ಜಿ ಟೆನೆಸಿಯಲ್ಲಿ ಕಾರ್ಖಾನೆ ತೆರೆದದ್ದೂ ನಿಜ. ಸುಮಾರು 1,800 ಕೆಲಸಗಳು ಹುಟ್ಟಿದವು. ಗ್ರಾಹಕರು ಹೆಚ್ಚಿಗೆ ಕೊಟ್ಟ ಹಣವನ್ನು ಅದರಿಂದ ಭಾಗಿಸಿದರೆ ಒಂದು ಕೆಲಸಕ್ಕೆ ವರ್ಷಕ್ಕೆ 8 ಲಕ್ಷ ಡಾಲರ್‌ಗೂ ಜಾಸ್ತಿ ಬಿತ್ತು. ಅಷ್ಟು ಸಂಬಳ ಆ ಕೆಲಸಗಾರರಿಗೆ ಬಂದಿರುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ನಾನು ಕೊಂಡ ಸಾಮಾನು ಆಮದಿನದಾ, ಇಲ್ಲಿನದಾ ಅಂತ ತಿಳಿಯುವುದು ಹೇಗೆ?

ಬ್ರ್ಯಾಂಡ್ ಹೆಸರು ನೋಡಿ ನಿರ್ಧರಿಸಬೇಡಿ. ದೇಶೀ ಹೆಸರಿನ ಎಷ್ಟೋ ಇಯರ್‌ಬಡ್, ಪವರ್ ಬ್ಯಾಂಕ್‌ಗಳು ಪೂರ್ತಿ ಹೊರಗಿನಿಂದ ಬಂದವು. ಚೀನೀ ಹೆಸರಿನ ಫೋನು ನೋಯ್ಡಾದಲ್ಲೋ ಶ್ರೀಪೆರಂಬದೂರಿನಲ್ಲೋ ಮಾಡಿದ್ದಿರುತ್ತದೆ. ಡಬ್ಬಿ ತಿರುಗಿಸಿ, ಬಾರ್‌ಕೋಡ್ ಪಕ್ಕದ ಚಿಕ್ಕ ಅಕ್ಷರದ ಸ್ಟಿಕ್ಕರ್ ಓದಿ. ಎಂಆರ್‌ಪಿ, ತಿಂಗಳು ವರ್ಷ, ಗ್ರಾಹಕರ ದೂರವಾಣಿ, ಮೂಲ ದೇಶ ಎಲ್ಲ ಅಲ್ಲಿರಬೇಕು ಅಂತ ಕಾನೂನೇ ಇದೆ. ತಯಾರಕರ ಬದಲು ಆಮದುದಾರರ ಹೆಸರು, ವಿಳಾಸ ಇದ್ದರೆ ಅದು ಹೊರಗಿನ ಮಾಲು. ಆನ್‌ಲೈನ್‌ನಲ್ಲೂ ಮೂಲ ದೇಶ ತೋರಿಸಬೇಕು, ಆದರೆ ಪುಟದ ತೀರಾ ಕೆಳಗೆ ಹುಡುಕಬೇಕಾಗುತ್ತದೆ.

ಅಮೆರಿಕದಲ್ಲಿರುವ ಅಣ್ಣ ಬರುವಾಗ ಫೋನ್ ತರಿಸಿಕೊಳ್ಳಬಹುದಾ?

ತರಿಸಬಹುದು. ಅವರು ಸ್ವಂತಕ್ಕೆ ಬಳಸುತ್ತಿರುವ ಫೋನಿಗೆ ಯಾರೂ ತಕರಾರು ಮಾಡುವುದಿಲ್ಲ. ಹದಿನೆಂಟು ದಾಟಿದವರು ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ತರಬಹುದು. ಸೀಲ್ ಒಡೆಯದ ಹೊಸ ಡಬ್ಬಿ ಇದ್ದರೆ ಅದು ಬ್ಯಾಗೇಜ್ ಮಿತಿಯ ಲೆಕ್ಕಕ್ಕೆ ಬರುತ್ತದೆ. 2016ರ ನಿಯಮದಲ್ಲಿ ಮಿತಿ 50,000 ರೂಪಾಯಿ ಇತ್ತು, ಮಿತಿ ದಾಟಿದ ಭಾಗಕ್ಕೆ ಸರ್ಚಾರ್ಜ್ ಸೇರಿ 38.5 ಪರ್ಸೆಂಟ್. ಇಂಥ ಮಿತಿಗಳನ್ನು ಆಗಾಗ ಪರಿಷ್ಕರಿಸುತ್ತಾರೆ, ಹಾಗಾಗಿ ಅವರು ವಿಮಾನ ಹತ್ತುವ ಮುಂಚೆ ಕಸ್ಟಮ್ಸ್ ವೆಬ್‌ಸೈಟ್ ನೋಡಿಕೊಳ್ಳಲು ಹೇಳಿ.

ಇನ್ನೊಂದು ವಿಷಯ. ಐಫೋನ್ 14ರಿಂದ ಮುಂದೆ ಅಮೆರಿಕದ ಮಾಡೆಲ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಮನೆಯ ಹಿರಿಯರಿಗೆ ಅಂತ ತರಿಸುತ್ತಿದ್ದರೆ ಇದನ್ನು ಯೋಚಿಸಿ. ಸಾದಾ ಮಾಡೆಲ್ ಆದರೆ ಉಳಿಯುವುದೂ ಅಷ್ಟಕ್ಕಷ್ಟೇ. ಪ್ರೋ ಆದರೆ ಅರ್ಥವಿದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌.ಪಿ. ರೋಡ್‌ನಲ್ಲಿ ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತಾರಲ್ಲ?

‘ವಿತ್ ಬಿಲ್ಲಾ, ವಿತೌಟ್ ಬಿಲ್ಲಾ’ ಎಂಬ ಪ್ರಶ್ನೆಯಲ್ಲೇ ಉತ್ತರ ಇದೆ. ಕಡಿಮೆಯಾದ ಹಣ ಕಟ್ಟದ ಸುಂಕ ಮತ್ತು ಜಿಎಸ್‌ಟಿಯದು. ಸುಂಕ ಏರಿದಷ್ಟೂ ಈ ದಂಧೆಗೆ ಲಾಭ ಜಾಸ್ತಿ, ಇಳಿದಷ್ಟೂ ಕಮ್ಮಿ. ವಾರಂಟಿ ಸಿಗುವುದು ಅನುಮಾನ, ಕಳುವಾದರೆ ದೂರು ಕೊಡಲು ಕೈಯಲ್ಲಿ ಕಾಗದವೂ ಇರುವುದಿಲ್ಲ.

ರಿಪೇರಿ ಖರ್ಚಿಗೂ ಸುಂಕಕ್ಕೂ ಸಂಬಂಧ ಇದೆಯಾ?

ಇದೆ, ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಬಿಡಿಭಾಗಗಳ ಕೆಲವು ರಿಯಾಯಿತಿ ದರಗಳು ‘ತಯಾರಿಕೆಗೆ ಬಳಸಿದರೆ ಮಾತ್ರ’ ಎಂಬ ಷರತ್ತಿನವು. ಅದೇ ಭಾಗವನ್ನು ರಿಪೇರಿಗೆ ಅಂತ ತಂದರೆ ಪೂರ್ತಿ ದರ ಬೀಳಬಹುದು. ರಿಪೇರಿ ಅಂಗಡಿಯವರು ‘ಕಾಂಬೋ’ ಅನ್ನುವ ಡಿಸ್‌ಪ್ಲೇ ಸೆಟ್‌ಗೆ ಒರಿಜಿನಲ್ ಆದರೆ ಒಂದು ರೇಟು, ಕಾಪಿ ಆದರೆ ಇನ್ನೊಂದು ರೇಟು ಹೇಳುತ್ತಾರಲ್ಲ, ಆ ಅಂತರದಲ್ಲಿ ಸುಂಕದ ಪಾಲೂ ಇದೆ. ಹಳೇ ಫೋನ್ ಇನ್ನೆರಡು ವರ್ಷ ಓಡಿಸೋಣ ಅನ್ನುವವರಿಗೆ ಇದು ಅನ್ಯಾಯವೇ.

ಈಗ ಕೊಳ್ಳಲಾ, ಬಜೆಟ್‌ವರೆಗೆ ಕಾಯಲಾ?

ಇಲ್ಲೇ ತಯಾರಾಗುವ ಫೋನ್ ಆದರೆ ಬಜೆಟ್‌ಗೆ ಕಾದು ಏನೂ ಸಿಗುವುದಿಲ್ಲ. ಕಾಯುವುದಾದರೆ ದಸರಾ, ದೀಪಾವಳಿ ಸೇಲ್‌ಗೆ ಕಾಯಿರಿ. ಬ್ಯಾಂಕ್ ಕಾರ್ಡಿನ ರಿಯಾಯಿತಿಯೇ ಎಷ್ಟೋ ಸಲ ಸುಂಕದ ಇಳಿಕೆಗಿಂತ ದೊಡ್ಡದಿರುತ್ತದೆ. ಪೂರ್ತಿ ಆಮದಾಗುವ ದುಬಾರಿ ಸಾಮಾನಾದರೆ, ಜನವರಿಯಲ್ಲಿದ್ದೀರಿ ಅಂದರೆ, ಫೆಬ್ರವರಿ 1ರವರೆಗೆ ತಡೆಯುವುದರಲ್ಲಿ ನಷ್ಟವಿಲ್ಲ.

ಆದರೆ ಡಾಲರ್ ಮೇಲೂ ಒಂದು ಕಣ್ಣಿಡಿ. 2024ರ ಶುರುವಿನಲ್ಲಿ 83 ಇದ್ದದ್ದು 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಅದೊಂದೇ 8 ಪರ್ಸೆಂಟ್. ಅದೇ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್ ಬೆಲೆ ವಿಪರೀತ ಏರಿತು. ಅದು ಇಲ್ಲಿ ಮಾಡಿದ ಫೋನ್, ಲ್ಯಾಪ್‌ಟಾಪ್‌ಗಳಿಗೂ ತಟ್ಟುತ್ತದೆ, ಯಾವ ಬಜೆಟ್ಟೂ ಅದನ್ನು ತಡೆಯುವುದಿಲ್ಲ. ಮಗಳ ಕಾಲೇಜಿಗೆ ಲ್ಯಾಪ್‌ಟಾಪ್ ಬೇಕಾಗಿದ್ದರೆ ಸುಂಕದ ಸುದ್ದಿ ಬದಿಗಿಟ್ಟು ತಗೊಂಡುಬಿಡಿ. ಅದರ ಮೇಲೆ ಮೂಲ ಸುಂಕವೇ ಇಲ್ಲ.